ಇಂಗ್ಲಿಷ್ ವಾಕ್ಯದಲ್ಲಿ ಪದವರ್ಗ ಗುರುತಿಸುವುದು ಹೇಗೆ: ಕನ್ನಡ ಮಾಧ್ಯಮದವರಿಗೊಂದು ಸಮಗ್ರ ಮಾರ್ಗದರ್ಶಿ

"ದಿ ವರ್ಕರ್ಸ್ ಡ್ರೈ ದಿ ಚೆರೀಸ್ ಇನ್ ಎ ಡ್ರೈ ಯಾರ್ಡ್."

ಕೆಲಸಗಾರರು ಒಣ ಕಣದಲ್ಲಿ ಕಾಫಿ ಹಣ್ಣನ್ನು ಒಣಗಿಸುತ್ತಾರೆ. ಈ ವಾಕ್ಯದಲ್ಲಿ ‘ಡ್ರೈ’ ಎರಡು ಸಲ ಬಂದಿದೆ. ಅಕ್ಷರ ಅದೇ, ಉಚ್ಚಾರಣೆ ಅದೇ. ಆದರೂ ಮೊದಲನೆಯದು ಕ್ರಿಯಾಪದ, ಎರಡನೆಯದು ಗುಣವಾಚಕ. ಹಾಸನದಲ್ಲಿ ಸಂಜೆಯ ಹೊತ್ತು ಹೈಸ್ಕೂಲು ಮಕ್ಕಳಿಗೂ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರಿಗೂ ಇಂಗ್ಲಿಷ್ ಹೇಳಿಕೊಡುವ ನಾನು, ಹೊಸಬರು ಬಂದಾಗ ಹಲಗೆಯ ಮೇಲೆ ಮೊದಲು ಬರೆಯುವುದು ಇಂಥ ವಾಕ್ಯವನ್ನೇ. ಎಂಟು ಪದವರ್ಗಗಳ ವ್ಯಾಖ್ಯೆಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲವರು ಕೂಡ ಎರಡನೆಯ ‘ಡ್ರೈ’ಗೆ ಗೆರೆ ಎಳೆದು ಕೇಳಿದರೆ ಪಕ್ಕದವರ ಮುಖ ನೋಡುತ್ತಾರೆ.

ಅದು ಅವರ ದಡ್ಡತನವಲ್ಲ. ವ್ಯಕ್ತಿ, ಸ್ಥಳ, ವಸ್ತುವಿನ ಹೆಸರು ನಾಮಪದ. ಕೆಲಸವನ್ನು ಹೇಳುವುದು ಕ್ರಿಯಾಪದ ಎಂದು ಅವರಿಗೆ ಕಲಿಸಲಾಗಿದೆ. ಹಾಗಾದರೆ ‘ಅರೈವಲ್’ ಏನು? ಬರುವ ಕೆಲಸವನ್ನೇ ಅದು ಹೇಳುತ್ತದೆ, ಆದರೆ ಅದು ನಾಮಪದ. ‘ನೋ’ ಎಂದರೆ ತಿಳಿದಿರುವುದು. ಅಲ್ಲಿ ಯಾರೂ ಏನೂ ಮಾಡುವುದಿಲ್ಲ, ಆದರೆ ಅದು ಕ್ರಿಯಾಪದ. ಅರ್ಥವನ್ನು ನೆಚ್ಚಿ ಹೊರಟರೆ ಇಂಗ್ಲಿಷಿನಲ್ಲಿ ದಾರಿ ತಪ್ಪುತ್ತದೆ. ಪದ ನಿಂತಿರುವ ಜಾಗ ಯಾವುದು, ಆ ಜಾಗದಲ್ಲಿ ಅದು ಮಾಡುತ್ತಿರುವ ಕೆಲಸವೇನು ಎಂದು ನೋಡಬೇಕು. ಈ ಬರಹದ ಹೂರಣವೆಲ್ಲ ಇಷ್ಟೇ. ಉಳಿದದ್ದು ಅದನ್ನು ನೋಡುವ ವಿಧಾನ.

ಜಾಗಕ್ಕೆ ಇಷ್ಟು ಬೆಲೆ ಏಕೆಂದು ತಿಳಿದರೆ ಮುಂದಿನದು ಸಲೀಸು. "ಆನೆ ಹುಲಿಯನ್ನು ಕಂಡಿತು" ಎಂದರೂ "ಹುಲಿಯನ್ನು ಆನೆ ಕಂಡಿತು" ಎಂದರೂ ನಮಗೆ ಒಂದೇ ಅರ್ಥ. ‘ಅನ್ನು’ ಪ್ರತ್ಯಯ ಪದದ ಜೊತೆಗೇ ಓಡಾಡುತ್ತದೆ. ಇಂಗ್ಲಿಷಿನಲ್ಲಿ "ದಿ ಎಲಿಫೆಂಟ್ ಸಾ ದಿ ಟೈಗರ್" ಎಂಬುದನ್ನು ಹಿಂದುಮುಂದು ಮಾಡಿದರೆ ನೋಡಿದ್ದು ಯಾರು ಎಂಬುದೇ ಬದಲಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿಯೂ ನಮ್ಮ ವಿಭಕ್ತಿಯಂಥ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಬಹುಪಾಲು ಉದುರಿಹೋದವು, ಅವು ಮಾಡುತ್ತಿದ್ದ ಕೆಲಸ ಪದಗಳ ಕ್ರಮದ ಮೇಲೆ ಬಿತ್ತು. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫ್ರೈಸ್ ಈ ದಾರಿಯನ್ನೇ ಹಿಡಿದರು. ಧ್ವನಿಮುದ್ರಿಸಿದ ದೂರವಾಣಿ ಮಾತುಕತೆಗಳನ್ನು ಆಧಾರವಾಗಿಟ್ಟುಕೊಂಡು, ಹಳೆಯ ವ್ಯಾಖ್ಯೆಗಳನ್ನು ಬದಿಗಿಟ್ಟು, ವಾಕ್ಯದ ಖಾಲಿ ಜಾಗದಲ್ಲಿ ಯಾವ ಪದ ಕೂರುತ್ತದೆ ಎಂಬುದರಿಂದಲೇ ಅವರು 1952ರಲ್ಲಿ ಪದಗಳನ್ನು ವಿಂಗಡಿಸಿ ತೋರಿಸಿದರು. ಶಾಲೆಯ ಎಂಟು ಹೆಸರುಗಳನ್ನು ನಾವು ಬಿಡಬೇಕಾಗಿಲ್ಲ. ಅವನ್ನು ಹಚ್ಚುವ ಮುನ್ನ ಈ ಪರೀಕ್ಷೆಗಳನ್ನು ಮಾಡಿಕೊಂಡರೆ ಸಾಕು.

ಮೊದಲ ಹೆಜ್ಜೆ: ಕ್ರಿಯಾಪದವನ್ನು ಹಿಡಿಯಿರಿ

ಎಡದಿಂದ ಒಂದೊಂದೇ ಪದ ತೆಗೆದುಕೊಂಡು ಹೆಸರು ಹಚ್ಚುತ್ತಾ ಹೋಗುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಗೆರೆ ಎಳೆದಿರುವುದು ಯಾವ ಪದಕ್ಕೇ ಆಗಿರಲಿ, ಮೊದಲು ಕ್ರಿಯಾಪದವನ್ನು ಹುಡುಕಿ. ಅದು ಸಿಕ್ಕರೆ ವಾಕ್ಯ ತಾನಾಗಿ ಎರಡು ಪಾಲಾಗುತ್ತದೆ: ಹಿಂದೆ ಕರ್ತೃ, ಮುಂದೆ ಉಳಿದದ್ದು.

ಹುಡುಕುವುದು ಹೇಗೆ? ಕಾಲವನ್ನು ಬದಲಿಸಿ. ವಾಕ್ಯದ ಹಿಂದೆ ‘ಯೆಸ್ಟರ್‌ಡೇ’ ಸೇರಿಸಿ ಒಮ್ಮೆ, ‘ಎವ್ರಿ ಡೇ’ ಸೇರಿಸಿ ಒಮ್ಮೆ, ‘ಟುಮಾರೊ’ ಸೇರಿಸಿ ಒಮ್ಮೆ ಓದಿ. ರೂಪ ಬದಲಿಸಲೇಬೇಕಾದ ಪದ ಯಾವುದೋ ಅದೇ ಕ್ರಿಯಾಪದ. "ದಿ ವರ್ಕರ್ಸ್ ಡ್ರೈ ದಿ ಚೆರೀಸ್" ಎಂಬುದು ನಿನ್ನೆಗೆ "ಡ್ರೈಡ್ ದಿ ಚೆರೀಸ್" ಆಗುತ್ತದೆ. ‘ಡ್ರೈ ಯಾರ್ಡ್’ ನಿನ್ನೆಯೂ ‘ಡ್ರೈ ಯಾರ್ಡ್’ ಆಗಿಯೇ ಇರುತ್ತದೆ. ಉತ್ತರ ಸಿಕ್ಕಿತು.

‘ಕಟ್’, ‘ಪುಟ್’, ‘ಸ್ಪ್ರೆಡ್’ನಂಥ ಕೆಲವು ಭೂತಕಾಲದಲ್ಲಿಯೂ ಬದಲಾಗುವುದಿಲ್ಲ. ಅಲ್ಲಿ ಕರ್ತೃವಿನ ಜಾಗದಲ್ಲಿ ‘ಶೀ’ ಇಟ್ಟು ‘ಎವ್ರಿ ಡೇ’ ಸೇರಿಸಿ: "ಶೀ ಸ್ಪ್ರೆಡ್ಸ್". ಕೊನೆಗೆ ‘ಎಸ್’ ಬಂದು ಕೂತಿತು, ಹಾಗಾಗಿ ಕ್ರಿಯಾಪದ. ಇನ್ನೊಂದು ದಾರಿ ನಿಷೇಧ. "ಡಿಡ್ ನಾಟ್ ಸ್ಪ್ರೆಡ್" ಎನ್ನಲು ಬರುತ್ತದೆಯೇ? ಬರುತ್ತದೆ.

ಕ್ರಿಯಾಪದ ಒಂಟಿಯಾಗಿಯೇ ಇರಬೇಕೆಂದಿಲ್ಲ. "ದಿ ಬಸ್ ಫ್ರಮ್ ಮೂಡಿಗೆರೆ ಹ್ಯಾಸ್ ನಾಟ್ ಯೆಟ್ ಅರೈವ್ಡ್" ಎಂಬಲ್ಲಿ ‘ಹ್ಯಾಸ್’ ಮತ್ತು ‘ಅರೈವ್ಡ್’ ಸೇರಿ ಒಂದು ಕ್ರಿಯಾಪದ. ನಡುವೆ ನುಸುಳಿರುವ ‘ನಾಟ್’, ‘ಯೆಟ್’ ಎರಡೂ ಕ್ರಿಯಾವಿಶೇಷಣಗಳು. ಈಸ್, ಆರ್, ವಾಸ್, ವರ್, ಹ್ಯಾವ್, ಹ್ಯಾಸ್, ಹ್ಯಾಡ್, ಡು, ಡಸ್, ಡಿಡ್, ವಿಲ್, ವುಡ್, ಶುಡ್, ಕ್ಯಾನ್, ಕುಡ್, ಮೇ, ಮಸ್ಟ್ ಮೊದಲಾದ ಸಹಾಯಕ ಕ್ರಿಯಾಪದಗಳ ಪಟ್ಟಿ ಚಿಕ್ಕದು. ಇವುಗಳನ್ನು ಮಾತ್ರ ಬಾಯಿಪಾಠ ಮಾಡಿದರೂ ತಪ್ಪಿಲ್ಲ. ‘ಟು’ ಹಿಂದೆ ಇಟ್ಟುಕೊಂಡು ಬರುವುದು ವಾಕ್ಯದ ಮುಖ್ಯ ಕ್ರಿಯಾಪದವಲ್ಲ. "ಶೀ ವಾಂಟ್ಸ್ ಟು ಸ್ಟಡಿ" ಎಂಬುದನ್ನು ನಿನ್ನೆಗೆ ಒಯ್ಯಿರಿ. ‘ವಾಂಟ್ಸ್’ ಬದಲಾಗುತ್ತದೆ, ‘ಸ್ಟಡಿ’ ಕದಲುವುದಿಲ್ಲ.

ಕನ್ನಡಿಗರಾದ ನಮಗೆ ಇಲ್ಲೊಂದು ವಿಶೇಷ ತೊಡಕಿದೆ. ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೂ ವಾಕ್ಯ ಪೂರ್ತಿಯಾಗುತ್ತದೆ: "ಅವಳು ಡಾಕ್ಟರ್", "ನನಗೆ ಕಾಫಿ ಇಷ್ಟ". ಇಂಗ್ಲಿಷಿನ ಪೂರ್ಣ ವಾಕ್ಯಕ್ಕೆ ಕ್ರಿಯಾಪದ ಬೇಕೇ ಬೇಕು. "ಶೀ ಈಸ್ ಎ ಡಾಕ್ಟರ್" ಎಂಬಲ್ಲಿ ‘ಈಸ್’, "ಐ ಲೈಕ್ ಕಾಫಿ" ಎಂಬಲ್ಲಿ ‘ಲೈಕ್’. ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ಆ ಕನ್ನಡ ಪದದ ವರ್ಗವನ್ನು ಇಂಗ್ಲಿಷಿಗೆ ಹಚ್ಚುವುದೇ ನಾನು ನೋಡುವ ತಪ್ಪುಗಳಲ್ಲಿ ಬಹುಪಾಲಿಗೆ ಮೂಲ.

ಎರಡನೆಯ ಹೆಜ್ಜೆ: ನಾಮಪದದ ಗುಂಪನ್ನು ಕಟ್ಟಿ

ಕ್ರಿಯಾಪದ ಸಿಕ್ಕ ಮೇಲೆ ಅದರ ಹಿಂದೆ ನಿಂತು ಯಾರು, ಏನು ಎಂದು ಕೇಳಿ. ಮುಂದೆ ನಿಂತು ಯಾರನ್ನು, ಏನನ್ನು ಎಂದು ಕೇಳಿ. ಉತ್ತರವಾಗಿ ಬರುವುದು ಸಾಮಾನ್ಯವಾಗಿ ಒಂದೇ ಪದವಲ್ಲ, ಒಂದು ಗುಂಪು. ಇಡೀ ಗುಂಪನ್ನು ತೆಗೆದು ‘ಇಟ್’ ಅಥವಾ ‘ದೇ’ ಇಡಲು ಬಂದರೆ ಗುಂಪನ್ನು ಸರಿಯಾಗಿ ಕಟ್ಟಿದ್ದೀರಿ.

"ದಿ ಓಲ್ಡ್ ಬಸ್ ಸ್ಟ್ಯಾಂಡ್ ರೋಡ್ ಈಸ್ ನ್ಯಾರೊ." ಇಲ್ಲಿ ‘ಈಸ್’ ಹಿಂದೆ ಐದು ಪದಗಳಿವೆ, ಐದೂ ಸೇರಿ ‘ಇಟ್’. ಇಂಥ ಗುಂಪಿನ ಯಜಮಾನ ಕೊನೆಯಲ್ಲಿರುತ್ತಾನೆ. ಇಕ್ಕಟ್ಟಾಗಿರುವುದು ಬಸ್ಸಲ್ಲ, ಸ್ಟ್ಯಾಂಡಲ್ಲ, ರಸ್ತೆ. ಮುಖ್ಯ ನಾಮಪದ ‘ರೋಡ್’.

ಹಾಗಾದರೆ ‘ಬಸ್’, ‘ಸ್ಟ್ಯಾಂಡ್’ ಏನು? ರಸ್ತೆಯನ್ನು ವರ್ಣಿಸುತ್ತಿವೆ, ಆದ್ದರಿಂದ ಗುಣವಾಚಕ ಎಂದು ಕೆಲವು ಗೈಡುಗಳು ಬರೆಯುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ‘ವೆರಿ ಓಲ್ಡ್’ ಎನ್ನಬಹುದು, ‘ವೆರಿ ಬಸ್’ ಎನ್ನಲು ಬರುವುದಿಲ್ಲ. ‘ದಿ ರೋಡ್ ಈಸ್ ಓಲ್ಡ್’ ಸರಿ, ‘ದಿ ರೋಡ್ ಈಸ್ ಬಸ್’ ಅಸಂಬದ್ಧ. ಅವು ನಾಮಪದಗಳೇ, ಇನ್ನೊಂದು ನಾಮಪದಕ್ಕಿಂತ ಮೊದಲು ನಿಂತು ಅದಕ್ಕೆ ಗುರುತು ಹೇಳುತ್ತಿವೆ. ಪರೀಕ್ಷೆಯಲ್ಲಿ ವಿವರಿಸಿ ಬರೆಯಲು ಜಾಗವಿದ್ದರೆ ‘ಗುಣವಾಚಕದ ಕೆಲಸ ಮಾಡುತ್ತಿರುವ ನಾಮಪದ’ ಎಂದು ಬರೆಯಿರಿ. ಓದುವವರು ಯಾವ ಮತದವರಾದರೂ ಅದನ್ನು ತಪ್ಪೆನ್ನಲಾರರು.

ಒಂದೇ ಪದದ ಬಗ್ಗೆ ಅನುಮಾನವಿದ್ದರೆ ಅದಕ್ಕಿಂತ ಮೊದಲು ‘ದಿ’ ಅಥವಾ ‘ಮೈ’ ಇಟ್ಟು ನೋಡಿ. ‘ಮೈ ಡಿಸಿಷನ್’, ‘ದಿ ಅರೈವಲ್’, ‘ಮೈ ಫಿಯರ್’ ಎಲ್ಲ ಒಪ್ಪುತ್ತವೆ. ‘ಮೈ ಡಿಸೈಡ್’, ‘ದಿ ಅರೈವ್’ ಒಪ್ಪುವುದಿಲ್ಲ. ಪದದ ಬಾಲವೂ ಸುಳಿವು ಕೊಡುತ್ತದೆ: ‘ನೆಸ್’, ‘ಮೆಂಟ್’, ‘ಟಿ’, ‘ಷನ್’ ಎಂದು ಮುಗಿಯುವವು ಬಹುಪಾಲು ನಾಮಪದಗಳು. ಬಾಲವನ್ನು ಸಾಕ್ಷಿಯಾಗಿ ಕೇಳಿ, ತೀರ್ಪನ್ನು ಮಾತ್ರ ಜಾಗಕ್ಕೆ ಬಿಡಿ. ‘ಮೆನ್ಷನ್’ ನಾಮಪದವೂ ಹೌದು, ಕ್ರಿಯಾಪದವೂ ಹೌದು.

ಸರ್ವನಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೀ, ಶೀ, ದೇ, ಇಟ್ ಗುರುತಿಸಲು ಯಾರೂ ಕಷ್ಟಪಡುವುದಿಲ್ಲ. ಒಂದನ್ನು ಮಾತ್ರ ನೆನಪಿಡಿ. ‘ದಿಸ್’, ‘ದಟ್’, ‘ಹಿಸ್’ ಒಂಟಿಯಾಗಿ ನಿಂತರೆ ಸರ್ವನಾಮ. ಬೆನ್ನಿಗೆ ನಾಮಪದ ಇದ್ದರೆ ಶಾಲಾ ವ್ಯಾಕರಣ ಅವನ್ನು ಗುಣವಾಚಕದ ಸಾಲಿಗೆ ಸೇರಿಸುತ್ತದೆ. "ದಿಸ್ ಈಸ್ ಮಲ್ನಾಡ್" ಎಂಬಲ್ಲಿ ಸರ್ವನಾಮ, "ದಿಸ್ ಎಸ್ಟೇಟ್ ಈಸ್ ಓಲ್ಡ್" ಎಂಬಲ್ಲಿ ಅಲ್ಲ.

ಮೂರನೆಯ ಹೆಜ್ಜೆ: ಗುಣವಾಚಕದ ಎರಡು ಜಾಗಗಳು

ಗುಣವಾಚಕ ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ. ನಾಮಪದಕ್ಕಿಂತ ಮೊದಲು: ‘ರೈಪ್ ಚೆರೀಸ್’. ಇಲ್ಲವೇ ‘ಈಸ್’, ‘ವಾಸ್’, ‘ಸೀಮ್ಸ್’, ‘ಬಿಕಮ್ಸ್’ ಆದ ಮೇಲೆ: ‘ದಿ ಚೆರೀಸ್ ಆರ್ ರೈಪ್’. ಎರಡೂ ಕಡೆ ಕೂರುತ್ತದೆ, ಹಿಂದೆ ‘ವೆರಿ’ಯನ್ನೂ ಸಹಿಸಿಕೊಳ್ಳುತ್ತದೆ ಎಂದಾದರೆ ನಿಸ್ಸಂಶಯವಾಗಿ ಗುಣವಾಚಕ. ‘ಮೇನ್’ನಂಥ ಕೆಲವು ಮಾತ್ರ ನಾಮಪದಕ್ಕಿಂತ ಮೊದಲಿನ ಜಾಗವನ್ನು ಬಿಟ್ಟು ಕದಲುವುದಿಲ್ಲ. ‘ಮೇನ್ ರೋಡ್’ ಎನ್ನುತ್ತೇವೆ, ‘ದಿ ರೋಡ್ ಈಸ್ ಮೇನ್’ ಎನ್ನುವುದಿಲ್ಲ.

ಹಾಗಾದರೆ ‘ದಿ’, ‘ಎ’ ಎಂಬ ಆರ್ಟಿಕಲ್‌ಗಳು ಯಾವ ವರ್ಗ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಎಂಟರ ಲೆಕ್ಕ ಬಂದದ್ದು ಗ್ರೀಕರಿಂದ. ಕ್ರಿಸ್ತಪೂರ್ವದ ಡಯೊನೀಸಿಯಸ್ ಥ್ರಾಕ್ಸ್ ಹೆಸರಿನಲ್ಲಿ ಉಳಿದಿರುವ ವ್ಯಾಕರಣದಲ್ಲಿ ಎಂಟು ವರ್ಗಗಳಿವೆ, ಅವುಗಳಲ್ಲಿ ಆರ್ಟಿಕಲ್ ಒಂದು. ಲ್ಯಾಟಿನ್ ಭಾಷೆಗೆ ಆರ್ಟಿಕಲ್ ಇರಲಿಲ್ಲ. ರೋಮನ್ ಪಂಡಿತರು ಅದನ್ನು ಕೈಬಿಟ್ಟು, ಉದ್ಗಾರಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟು, ಎಂಟನ್ನು ಎಂಟಾಗಿಯೇ ಉಳಿಸಿಕೊಂಡರು. ಇಂಗ್ಲಿಷಿನ ಶಾಲಾ ವ್ಯಾಕರಣ ಲ್ಯಾಟಿನ್ ಅಚ್ಚಿನಲ್ಲಿ ಎರಕವಾದ ಕಾರಣ, ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ‘ದಿ’ಗೆ ಸ್ವಂತ ಜಾಗವಿಲ್ಲ, ಗುಣವಾಚಕದ ಜೊತೆ ಇರಿಸುತ್ತಾರೆ. ಇಂದಿನ ವ್ಯಾಕರಣಗಳು ‘ದಿ, ಎ, ದಿಸ್, ಮೈ, ಎವ್ರಿ, ಸಮ್’ ಇವುಗಳಿಗೆ ಡಿಟರ್ಮಿನರ್ ಎಂಬ ಬೇರೆ ಹೆಸರು ಕೊಟ್ಟಿವೆ. ಅದೇ ಸರಿಯೆಂದು ನನಗೂ ಅನಿಸುತ್ತದೆ, ಏಕೆಂದರೆ ‘ವೆರಿ ದಿ’ ಎಂದು ಯಾರೂ ಹೇಳಲಾರರು.

ನಾಲ್ಕನೆಯ ಹೆಜ್ಜೆ: ಕ್ರಿಯಾವಿಶೇಷಣ, ಮತ್ತು ಕಹಿ ಕಾಫಿಯ ಪ್ರಶ್ನೆ

ಹೇಗೆ, ಯಾವಾಗ, ಎಲ್ಲಿ, ಎಷ್ಟು, ಎಷ್ಟು ಸಲ ಎಂಬ ಪ್ರಶ್ನೆಗಳನ್ನು ಕ್ರಿಯಾಪದಕ್ಕೆ ಕೇಳಿ. ಒಂದೇ ಪದ ಉತ್ತರ ಕೊಟ್ಟರೆ ಅದು ಕ್ರಿಯಾವಿಶೇಷಣ: ‘ಕ್ವಿಕ್ಲಿ’, ‘ಸೂನ್’, ‘ಹಿಯರ್’, ‘ಆಫನ್’. ಗುಣವಾಚಕಕ್ಕೂ ಇನ್ನೊಂದು ಕ್ರಿಯಾವಿಶೇಷಣಕ್ಕೂ ಒತ್ತು ಕೊಡುವ ‘ವೆರಿ’, ‘ಟೂ’, ‘ಕ್ವೈಟ್’ ಇದೇ ಬಳಗ.

‘ಲಿ’ ಕಂಡ ತಕ್ಷಣ ಉತ್ತರ ಬರೆಯುವ ಚಾಳಿ ಅಪಾಯಕಾರಿ. ‘ಫ್ರೆಂಡ್ಲಿ’, ‘ಲವ್ಲಿ’, ‘ಕಾಸ್ಟ್ಲಿ’ ಗುಣವಾಚಕಗಳು. ಇತ್ತ ‘ಲಿ’ಯ ಸುಳಿವೇ ಇಲ್ಲದ ‘ಫಾಸ್ಟ್’, ‘ಹಾರ್ಡ್’ ಎರಡೂ ವೇಷ ಹಾಕುತ್ತವೆ. ‘ಹಾರ್ಡ್ ವರ್ಕ್’ ಎಂಬಲ್ಲಿ ಗುಣವಾಚಕ, ‘ಶೀ ವರ್ಕ್ಸ್ ಹಾರ್ಡ್’ ಎಂಬಲ್ಲಿ ಕ್ರಿಯಾವಿಶೇಷಣ. ‘ಹಾರ್ಡ್ಲಿ’ ಎಂಬುದು ಬೇರೆಯದೇ ಮಾತು. ‘ಶೀ ಹಾರ್ಡ್ಲಿ ವರ್ಕ್ಸ್’ ಎಂದರೆ ಅವಳು ಕೆಲಸವನ್ನೇ ಮಾಡುವುದಿಲ್ಲ ಎನ್ನುವಷ್ಟು ಕಡಿಮೆ.

ಈಗ ಈ ವಾಕ್ಯ ನೋಡಿ: "ದಿಸ್ ಕಾಫಿ ಟೇಸ್ಟ್ಸ್ ಬಿಟರ್." ‘ಬಿಟರ್’ ಏನು? ಹೇಗೆ ಎಂದು ಕೇಳಿದರೆ ‘ಕಹಿಯಾಗಿ’ ಎಂಬ ಉತ್ತರ ಬರುತ್ತದೆ. ಕನ್ನಡದ ‘ಆಗಿ’ ಸಾಮಾನ್ಯವಾಗಿ ಕ್ರಿಯಾವಿಶೇಷಣದ ಗುರುತು. ಆದ್ದರಿಂದ ಬುದ್ಧಿವಂತ ಮಕ್ಕಳೇ ಇಲ್ಲಿ ಎಡವಿ, ವಾಕ್ಯವನ್ನೂ ತಿದ್ದಿ ‘ಬಿಟರ್ಲಿ’ ಎಂದು ಬರೆದುಬಿಡುತ್ತಾರೆ. ಕ್ರಿಯಾಪದವನ್ನು ತೆಗೆದು ಆ ಜಾಗದಲ್ಲಿ ‘ಈಸ್’ ಇಡಿ. "ದಿಸ್ ಕಾಫಿ ಈಸ್ ಬಿಟರ್" ಸರಿಯಾಗಿ ನಿಲ್ಲುತ್ತದೆ, ಅರ್ಥವೂ ಹೆಚ್ಚು ಕೆಡುವುದಿಲ್ಲ. ಅಂದರೆ ‘ಬಿಟರ್’ ಹೇಳುತ್ತಿರುವುದು ಕಾಫಿಯ ಗುಣವನ್ನು, ಅದು ಗುಣವಾಚಕ. ಲುಕ್, ಸ್ಮೆಲ್, ಟೇಸ್ಟ್, ಸೌಂಡ್, ಫೀಲ್, ಸೀಮ್ ಇವುಗಳ ಮುಂದೆ ಸದಾ ಈ ಪರೀಕ್ಷೆ ಮಾಡಿ. "ಹೀ ಕಂಪ್ಲೇನ್ಡ್ ಬಿಟರ್ಲಿ" ಎಂಬಲ್ಲಿ ‘ಈಸ್’ ಇಟ್ಟರೆ ವಾಕ್ಯ ಮುರಿದುಬೀಳುತ್ತದೆ. ಅಲ್ಲಿರುವುದು ನಿಜವಾದ ಕ್ರಿಯಾವಿಶೇಷಣ.

ಐದನೆಯ ಹೆಜ್ಜೆ: ಸಣ್ಣ ಪದಗಳ ಬೆನ್ನ ಹಿಂದೆ ಏನಿದೆ?

ನಮ್ಮ ‘ಇಂದ’, ‘ಗೆ’, ‘ಅಲ್ಲಿ’ ನಾಮಪದದ ಕೊನೆಗೆ ಅಂಟಿಕೊಳ್ಳುತ್ತವೆ. ಇಂಗ್ಲಿಷಿನ ಪ್ರಿಪೊಸಿಷನ್ ಬಿಡಿಯಾಗಿ, ನಾಮಪದಕ್ಕಿಂತ ಮೊದಲು ನಿಲ್ಲುತ್ತದೆ: ‘ಫ್ರಮ್ ಬೇಲೂರು’, ‘ಟು ಅರಸೀಕೆರೆ’. ಗೊಂದಲ ಏಳುವುದು ‘ಬಿಫೋರ್’, ‘ಆಫ್ಟರ್’, ‘ಸಿನ್ಸ್’ನಂಥ ಪದಗಳಲ್ಲಿ. ಇವುಗಳನ್ನೇ ದಿಟ್ಟಿಸಿ ನೋಡಿ ಪ್ರಯೋಜನವಿಲ್ಲ. ಇವುಗಳಾದ ಮೇಲೆ ಏನಿದೆ ಎಂದು ನೋಡಿ.

"ವಿ ರೀಚ್ಡ್ ಹೋಮ್ ಬಿಫೋರ್ ದಿ ರೈನ್." ಬೆನ್ನಿಗಿರುವುದು ಬರಿಯ ನಾಮಪದ ಗುಂಪು, ಆದ್ದರಿಂದ ಪ್ರಿಪೊಸಿಷನ್. "ವಿ ರೀಚ್ಡ್ ಹೋಮ್ ಬಿಫೋರ್ ಇಟ್ ರೇನ್ಡ್." ಈಗ ‘ರೇನ್ಡ್’ ಎಂಬ ಕ್ರಿಯಾಪದ ಬಂದಿದೆ, ಅಂದರೆ ಇನ್ನೊಂದು ಉಪವಾಕ್ಯ, ಹಾಗಾಗಿ ಎರಡನ್ನೂ ಕೂಡಿಸುವ ಕಂಜಂಕ್ಷನ್. "ಐ ಹ್ಯಾವ್ ಸೀನ್ ಹಿಮ್ ಬಿಫೋರ್." ಬೆನ್ನಿಗೆ ಏನೂ ಇಲ್ಲ, ಕ್ರಿಯಾವಿಶೇಷಣ. ‘ಬಿಕಾಸ್’ ಕಂಜಂಕ್ಷನ್, ಆದರೆ ‘ಬಿಕಾಸ್ ಆಫ್ ದಿ ರೈನ್’ ಎಂಬಲ್ಲಿ ‘ಬಿಕಾಸ್ ಆಫ್’ ಸೇರಿ ಪ್ರಿಪೊಸಿಷನ್. ‘ಬಿಫೋರ್’ನ ಈ ಮೂರೂ ಬಳಕೆಗಳನ್ನು ಒಂದೇ ವರ್ಗವೆಂದು ಎಣಿಸುವ ಭಾಷಾವಿಜ್ಞಾನಿಗಳೂ ಇದ್ದಾರೆ. ಅವರ ವಾದ ಗಟ್ಟಿಯಾದದ್ದೇ, ಆದರೆ ನಮ್ಮ ಪರೀಕ್ಷೆಗಳು ಇನ್ನೂ ಹಳೆಯ ವಿಂಗಡಣೆಯಲ್ಲೇ ನಡೆಯುತ್ತಿವೆ.

‘ಅಪ್’, ‘ಆಫ್’, ‘ಔಟ್’ ಕ್ರಿಯಾಪದಕ್ಕೆ ಅಂಟಿಕೊಂಡೂ ಬರುತ್ತವೆ. "ಪಿಕ್ ಅಪ್ ದಿ ಬ್ಯಾಗ್" ಎಂಬುದನ್ನು "ಪಿಕ್ ದಿ ಬ್ಯಾಗ್ ಅಪ್" ಎಂದೂ ಹೇಳಬಹುದು. ಹಾಗಾಗಿ ‘ಅಪ್’ ಇಲ್ಲಿ ಪ್ರಿಪೊಸಿಷನ್ ಅಲ್ಲ, ಕ್ರಿಯಾಪದದ ಜೊತೆಗಾರ. ಶಾಲೆಯ ಲೆಕ್ಕದಲ್ಲಿ ಕ್ರಿಯಾವಿಶೇಷಣ. "ಕ್ಲೈಂಬ್ ಅಪ್ ದಿ ಹಿಲ್" ಎಂಬಲ್ಲಿ ‘ಅಪ್’ ಅನ್ನು ಕೊನೆಗೆ ತಳ್ಳಲು ಬರುವುದಿಲ್ಲ. ಅಲ್ಲಿ ಅದು ಪ್ರಿಪೊಸಿಷನ್.

ಉದ್ಗಾರ, ಅಂದರೆ ಇಂಟರ್‌ಜೆಕ್ಷನ್, ‘ಓಹ್’, ‘ಅಲಾಸ್’, ‘ವಾವ್’ ಎಂದು ವಾಕ್ಯದ ಹೊರಗೇ ನಿಲ್ಲುತ್ತದೆ. ತೆಗೆದರೂ ವಾಕ್ಯ ಅಲುಗುವುದಿಲ್ಲ. ಅದಕ್ಕೆ ಇಷ್ಟು ಸಾಕು.

‘ಇಂಗ್’ ಎಂಬ ಬಾಲ

‘ಪಿಕಿಂಗ್’ ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. "ದೇ ಆರ್ ಪಿಕಿಂಗ್ ಅರೇಬಿಕಾ": ಹಿಂದೆ ‘ಆರ್’ ಇದೆ, ಕ್ರಿಯಾಪದದ ಭಾಗ. "ಪಿಕಿಂಗ್ ಬಿಗಿನ್ಸ್ ಇನ್ ನವೆಂಬರ್": ‘ಬಿಗಿನ್ಸ್’ ಹಿಂದೆ ಕರ್ತೃವಿನ ಜಾಗದಲ್ಲಿದೆ, ‘ಇಟ್’ ಇಡಲು ಬರುತ್ತದೆ, ನಾಮಪದದ ಕೆಲಸ. "ದಿ ವಿಮೆನ್ ಪಿಕಿಂಗ್ ಅರೇಬಿಕಾ ಆರ್ ಫ್ರಮ್ ಆಲೂರು": ಯಾವ ಹೆಂಗಸರು ಎಂದು ಹೇಳುತ್ತಿದೆ, ಗುಣವಾಚಕದ ಕೆಲಸ, ನಮ್ಮ ‘ಕೀಳುವ’ ಎಂಬ ಕೃದಂತದಂತೆ. ಹಿಂದೆ ‘ಆರ್, ಈಸ್, ವಾಸ್’ ಇಲ್ಲದೆ ‘ಇಂಗ್’ ಪದವನ್ನು ವಾಕ್ಯದ ಮುಖ್ಯ ಕ್ರಿಯಾಪದ ಎನ್ನಬೇಡಿ.

ಒಂದು ವಾಕ್ಯವನ್ನು ಪೂರ್ತಿ ಬಿಡಿಸೋಣ

"ದಿ ಪಿಕರ್ಸ್ ಕ್ವಿಕ್ಲಿ ಸ್ಪ್ರೆಡ್ ದಿ ರೈಪ್ ಚೆರೀಸ್ ಆನ್ ದಿ ಡ್ರೈಯಿಂಗ್ ಯಾರ್ಡ್ ಬಿಕಾಸ್ ದಿ ಸ್ಕೈ ವಾಸ್ ಕ್ಲಿಯರ್."

ಕಾಲ ಬದಲಿಸಿ ಓದಿ. "ಶೀ ಸ್ಪ್ರೆಡ್ಸ್", "ದಿ ಸ್ಕೈ ಈಸ್". ಎರಡು ಕಡೆ ರೂಪ ಬದಲಾಯಿತು, ಆದ್ದರಿಂದ ಎರಡು ಕ್ರಿಯಾಪದ, ಎರಡು ಉಪವಾಕ್ಯ. ಎರಡಿದ್ದ ಮೇಲೆ ಕೂಡಿಸುವವನೊಬ್ಬ ಇರಬೇಕು. ಅದು ‘ಬಿಕಾಸ್’, ಬೆನ್ನಿಗೆ ಕ್ರಿಯಾಪದವಿರುವ ಕಾರಣ ಕಂಜಂಕ್ಷನ್. ಹರಡಿದ್ದು ಯಾರು? ‘ದಿ ಪಿಕರ್ಸ್’. ಏನನ್ನು? ‘ದಿ ರೈಪ್ ಚೆರೀಸ್’. ಗುಂಪುಗಳ ಕೊನೆಯಲ್ಲಿರುವ ‘ಪಿಕರ್ಸ್’, ‘ಚೆರೀಸ್’ ನಾಮಪದಗಳು. ‘ರೈಪ್’ ಗುಣವಾಚಕ, ‘ವೆರಿ ರೈಪ್’ ಎನ್ನಬಹುದು. ಹೇಗೆ ಹರಡಿದರು? ‘ಕ್ವಿಕ್ಲಿ’, ಕ್ರಿಯಾವಿಶೇಷಣ. ‘ಆನ್’ ಆದ ಮೇಲೆ ನಾಮಪದ ಗುಂಪಿದೆ, ಪ್ರಿಪೊಸಿಷನ್. ಆ ಗುಂಪಿನ ಯಜಮಾನ ‘ಯಾರ್ಡ್’.

‘ಡ್ರೈಯಿಂಗ್’ ಮೇಲೆ ಸ್ವಲ್ಪ ನಿಲ್ಲಬೇಕು. ಕಣವೇ ಒಣಗುತ್ತಿಲ್ಲ; ಒಣಗಿಸುವುದಕ್ಕಾಗಿ ಇರುವ ಕಣ. ‘ಬಸ್ ಸ್ಟ್ಯಾಂಡ್’ನ ‘ಬಸ್’ ಇದ್ದಂತೆ ಇದೂ ನಾಮಪದವಾಗಿ ಬಂದು ಗುರುತು ಹೇಳುತ್ತಿದೆ. "ದಿ ಡ್ರೈಯಿಂಗ್ ಚೆರೀಸ್" ಎಂದಿದ್ದರೆ ಒಣಗುತ್ತಿರುವುದು ಹಣ್ಣೇ ಆದ್ದರಿಂದ ಗುಣವಾಚಕದಂತೆ ಬಂದ ಕೃದಂತ ಎನ್ನುತ್ತಿದ್ದೆವು. ಕೊನೆಗೆ ‘ಸ್ಕೈ’ ನಾಮಪದ, ‘ವಾಸ್’ ಆದ ಮೇಲಿರುವ ‘ಕ್ಲಿಯರ್’ ಗುಣವಾಚಕ. ಆದರೆ ತೋಟದ ರೈಟರ್, ಅಂದರೆ ಕೆಲಸ ನೋಡಿಕೊಳ್ಳುವವನು, "ಕ್ಲಿಯರ್ ದಿ ಯಾರ್ಡ್" ಎಂದರೆ ಅದೇ ‘ಕ್ಲಿಯರ್’ ಕ್ರಿಯಾಪದವಾಗುತ್ತದೆ.

ನೀವೇ ಮಾಡಿ ನೋಡಲು

ಮೊದಲು ‘ಪಾಸ್ಟ್’. "ದಿ ಹೇಮಾವತಿ ಫ್ಲೋಸ್ ಪಾಸ್ಟ್ ಸಕಲೇಶಪುರ." "ಎ ಲಾರಿ ವೆಂಟ್ ಪಾಸ್ಟ್." "ಹಳೇಬೀಡು ಹ್ಯಾಸ್ ಎ ಗ್ರೇಟ್ ಪಾಸ್ಟ್." "ದಿ ಪಾಸ್ಟ್ ವೀಕ್ ವಾಸ್ ವೆಟ್." ನಾಲ್ಕೂ ಕಡೆ ಹಿಂದುಮುಂದಿನ ಪದಗಳನ್ನು ನೋಡಿ ನಿರ್ಧರಿಸಿ, ಆಮೇಲೆ ಉತ್ತರ ಓದಿ: ಪ್ರಿಪೊಸಿಷನ್, ಕ್ರಿಯಾವಿಶೇಷಣ, ನಾಮಪದ, ಗುಣವಾಚಕ.

"ದಿ ಹಲ್ಮಿಡಿ ಇನ್‌ಸ್ಕ್ರಿಪ್ಷನ್ ವಾಸ್ ಫೌಂಡ್ ಇನ್ 1936." ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಬೆಳಕಿಗೆ ಬಂದ ವರ್ಷ ಅದು. ಇಲ್ಲಿ ಕ್ರಿಯಾಪದ ‘ವಾಸ್ ಫೌಂಡ್’, ಎರಡೂ ಸೇರಿ. ‘ಫೌಂಡ್’ ಅನ್ನು ಮಾತ್ರ ಕ್ರಿಯಾಪದವೆಂದು ಬರೆದರೆ ಶಾಸನವೇ ಏನನ್ನೋ ಹುಡುಕಿದಂತಾಗುತ್ತದೆ. ‘ಹಲ್ಮಿಡಿ’ ಅಂಕಿತನಾಮ, ‘ಇನ್‌ಸ್ಕ್ರಿಪ್ಷನ್’ ಎಂಬ ನಾಮಪದಕ್ಕೆ ಗುರುತು ಹೇಳುತ್ತಿದೆ.

ಇನ್ನೊಂದು, ಸ್ವಲ್ಪ ಬಿಗಿಯಾದದ್ದು: "ಐ ನೋ ದಟ್ ದಟ್ ಬಸ್ ಸ್ಟಾಪ್ಸ್ ಹಿಯರ್." ‘ಸ್ಟಾಪ್ಸ್’ ನಾಮಪದವೋ ಕ್ರಿಯಾಪದವೋ? ‘ಬಸ್ ಸ್ಟಾಪ್ಸ್’ ಎಂದರೆ ಬಸ್ ನಿಲ್ದಾಣಗಳು ಎಂದು ಕಣ್ಣು ಹೇಳುತ್ತದೆ. ಮೊದಲ ‘ದಟ್’ ಬೆನ್ನಿಗೆ ಇಡೀ ಉಪವಾಕ್ಯವಿದೆ, ಅದು ಕಂಜಂಕ್ಷನ್. ಹಾಗಾದರೆ ಆ ಉಪವಾಕ್ಯಕ್ಕೆ ತನ್ನದೇ ಕ್ರಿಯಾಪದ ಬೇಕು, ‘ಸ್ಟಾಪ್ಸ್’ ಬಿಟ್ಟರೆ ಬೇರೆ ಅಭ್ಯರ್ಥಿಯಿಲ್ಲ. ಎರಡನೆಯ ‘ದಟ್’ ಏಕವಚನ. ನಿಲ್ದಾಣಗಳಾಗಿದ್ದರೆ ‘ದೋಸ್’ ಎಂದಿರಬೇಕಿತ್ತು. ನಿನ್ನೆಗೆ ಒಯ್ದು ಓದಿ: "ದಟ್ ಬಸ್ ಸ್ಟಾಪ್ಡ್ ಹಿಯರ್." ‘ಸ್ಟಾಪ್ಸ್’ ಕ್ರಿಯಾಪದ, ‘ಹಿಯರ್’ ಕ್ರಿಯಾವಿಶೇಷಣ. ಈಗ "ದೋಸ್ ಬಸ್ ಸ್ಟಾಪ್ಸ್ ಆರ್ ನ್ಯೂ" ಎಂಬುದನ್ನು ಪಕ್ಕದಲ್ಲಿಟ್ಟು ಅಲ್ಲಿನ ‘ಸ್ಟಾಪ್ಸ್’ಗೆ ಇದೇ ಮೂರು ಪ್ರಶ್ನೆಗಳನ್ನು ಹಾಕಿ: ಬೇರೆ ಕ್ರಿಯಾಪದ ಇದೆಯೇ, ಹಿಂದಿರುವುದು ‘ದಟ್’ ಏನು ‘ದೋಸ್’ ಏನು, ನಿನ್ನೆಗೆ ಒಯ್ದರೆ ರೂಪ ಬದಲಾಗುತ್ತದೆಯೇ?